ಪೇಪರ್ ಐತೆ ಸರಿ, ಆರೋಗ್ಯ ಐತಾ?

(1/6)
ಮಂಡ್ಯ, ಮದ್ದೂರು, ಮಳವಳ್ಳೀಲಿ ನಾಯಿಮರಿ ತಗೋಬೇಕು ಅಂತ ಕೂತಿರೋ ಎಲ್ಲರಿಗೂ ಇದು. ಪೂರ್ತಿ ಓದಿ, ಆಮೇಲೆ ಬೇಕಾದ್ರೆ ಬೈಯಿರಿ.

ನಮ್ಮ ಕಡೆ ಎತ್ತು ಕೊಳ್ಳೋಕೆ ಹೋದ್ರೆ ಏನ್ ಮಾಡ್ತಾರೆ? ಬಾಯಿ ಬಿಡಿಸಿ ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾರೆ. ಅದೇ ಮನೆ ಹುಡುಗ ಲ್ಯಾಬ್ ಮರಿಗೆ ಒಂದು ರೀಲ್ ನೋಡಿ ಫೋನ್‌ಪೇ ಮಾಡಿಬಿಡ್ತಾನೆ. ಕೇಳಿದ್ರೆ, "ಕೆಸಿಐ ಪೇಪರ್ ಐತೆ ಮಗಾ!"

(2/6)
ಆ ಪೇಪರ್ ಬರೀ ವಂಶಾವಳಿ ಕಣ್ರೋ. ಅಪ್ಪ ಯಾರು, ಅವ್ವ ಯಾರು, ತಾತ ಯಾರು ಅಂತ ಹೇಳುತ್ತೆ. ಅವರ ಕಣ್ಣು ಸರಿ ಇತ್ತಾ, ಸೊಂಟದ ಕೀಲು ಸರಿ ಇತ್ತಾ ಅಂತ ಹೇಳಲ್ಲ. ಕಂಪನಿ ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ತೋರಿಸಿ "ಲಾಭದಲ್ಲಿದೀವಿ" ಅಂದಂಗೆ ಇದು. ಬ್ಯಾಲೆನ್ಸ್ ಶೀಟ್ ಎಲ್ಲಿ ಗುರು?

ಪೇಪರ್ ಸಿಕ್ಕರೆ ಒಂದು ಕೆಲಸ ಮಾಡಿ. ಅಪ್ಪನ ಕಡೇಲೂ ಅವ್ವನ ಕಡೇಲೂ ಒಂದೇ ನಾಯಿ ಹೆಸರು ಬಂದಿದ್ಯಾ ನೋಡಿ. ಬಂದಿದ್ರೆ ಅದು ರಕ್ತಸಂಬಂಧದ ಜೋಡಿ. ಅಡಗಿರೋ ಕಾಯಿಲೆ ಹೊರಗೆ ಬರೋ ದಾರಿ ಅದೇ.

(3/6)
ಹೇಗೆ ಅಂತೀರಾ? ಲ್ಯಾಬ್‌ಗಳಲ್ಲಿ ಪಿಆರ್‌ಎ ಅಂತ ಒಂದು ಕಣ್ಣಿನ ಕಾಯಿಲೆ ಐತೆ. ಅಕ್ಷಿಪಟಲ ನಿಧಾನಕ್ಕೆ ಸಾಯುತ್ತೆ, ನಾಯಿ ಕುರುಡಾಗುತ್ತೆ. ಗೊತ್ತಾಗೋ ಹೊತ್ತಿಗೆ ಅದು ಮರಿ ಹಾಕಿ ಮುಗಿಸಿರುತ್ತೆ.

ಕೆಟ್ಟ ಜೀನ್ ಒಂದೇ ಪ್ರತಿ ಇದ್ರೆ ನಾಯಿಗೆ ಏನೂ ಆಗಲ್ಲ, ಅದು ವಾಹಕ ಅಷ್ಟೆ. ಎರಡು ವಾಹಕಗಳನ್ನ ಜೋಡಿ ಮಾಡಿದ್ರೆ ಒಂದೊಂದು ಮರಿಗೂ 25% ಅಪಾಯ. ವಾಹಕನ ಜೊತೆ ಜೀನ್ ಸರಿ ಇರೋ ನಾಯಿ ಜೋಡಿ ಮಾಡಿದ್ರೆ ಆ ಕಾಯಿಲೆ ಯಾವ ಮರಿಗೂ ಬರಲ್ಲ. ಯಾವ ನಾಯೀನೂ ಬಿಸಾಕಬೇಕಾಗಿಲ್ಲ, ಜೋಡಿ ನೋಡಿ ಮಾಡಿದ್ರೆ ಸಾಕು. ಅದಕ್ಕೆ ಬೇಕಾಗಿರೋದು ಕೆನ್ನೆ ಒಳಗೆ ಹತ್ತಿ ಕಡ್ಡಿ ಆಡಿಸಿ ಮಾಡೋ ಒಂದು ಡಿಎನ್‌ಎ ಟೆಸ್ಟ್. ಟಾಶಾ ಅನ್ನೋ ಬಾಕ್ಸರ್ ನಾಯಿಯ ಪೂರ್ತಿ ಜೀನೋಮ್ ಪ್ರಕಟ ಆಗಿದ್ದು 2005ರಲ್ಲಿ. ನಮ್ಮಲ್ಲಿ ಕೆಲವರು ಮೊದಲ ಸಾರಿ ಸ್ಕೂಲಿಗೆ ಹೋಗೋ ಮುಂಚೆ!

(4/6)
"ಬೇರೆ ತಳಿ ಸೇರಿಸಿದ್ರೆ ಶುದ್ಧ ರಕ್ತ ಕೆಟ್ಟುಹೋಗುತ್ತೆ" ಅನ್ನೋರಿಗೆ ಡಾಲ್ಮೇಷಿಯನ್ ಕಥೆ. ಯೂರಿಕ್ ಆಮ್ಲ ಸರಿಯಾಗಿ ಸಂಭಾಳಿಸೋ ಜೀನ್ ಆ ಶುದ್ಧ ತಳೀಲಿ ಒಂದು ನಾಯಿಗೂ ಉಳಿದಿರಲಿಲ್ಲ. ಎಷ್ಟೋ ನಾಯಿಗಳಿಗೆ ಮೂತ್ರದಲ್ಲಿ ಕಲ್ಲು. ತಳಿ ಒಳಗೇ ಎಷ್ಟು ಹುಡುಕಿದ್ರೂ ಇಲ್ಲದ್ದು ಎಲ್ಲಿಂದ ಸಿಗುತ್ತೆ?

1973ರಲ್ಲಿ ಅಮೆರಿಕದ ರಾಬರ್ಟ್ ಶೈಬಲ್ ಅನ್ನೋ ತಳಿವಿಜ್ಞಾನಿ ಒಂದೇ ಒಂದು ಸಲ ಪಾಯಿಂಟರ್ ಜೊತೆ ಕೂಡಿಸಿದರು. ಆಮೇಲೆ ತಲೆಮಾರು ತಲೆಮಾರು ಡಾಲ್ಮೇಷಿಯನ್ ಜೊತೆಗೇ. ಚುಕ್ಕೆ ಉಳೀತು, ಸರಿಯಾದ ಜೀನೂ ಬಂತು. ಅಮೆರಿಕನ್ ಕೆನಲ್ ಕ್ಲಬ್ ಆ ನಾಯಿಗಳನ್ನ ಒಪ್ಪಿಕೊಂಡಿದ್ದು 2011ರಲ್ಲಿ. ಅಷ್ಟು ವರ್ಷ ಅಡ್ಡ ನಿಂತಿದ್ದು ವಿಜ್ಞಾನ ಅಲ್ಲ, "ಶುದ್ಧ" ಅನ್ನೋ ಹಠ.

(5/6)
ಟೆಸ್ಟ್ ಎಲ್ಲಾನೂ ಸರಿ ಮಾಡುತ್ತೆ ಅಂತಾನೂ ನಾನು ಹೇಳ್ತಿಲ್ಲ. ಸೊಂಟದ ಕೀಲಿನ ತೊಂದರೆಗೆ ಹತ್ತಾರು ಜೀನ್ ಕಾರಣ, ಅದಕ್ಕೆ ಅಪ್ಪ ಅವ್ವನ ಎಕ್ಸ್‌ರೇನೇ ನೋಡಬೇಕು. ಪಗ್ ಕಥೆ ಇನ್ನೂ ಕಷ್ಟ. ನಾಯಿ ಮೈ ತಣ್ಣಗಾಗೋದೇ ಮುಖ್ಯವಾಗಿ ಏದುಸಿರಿಂದ, ಪಗ್ಗಿಗೆ ಆ ಉಸಿರಿನ ದಾರೀನೇ ಇಕ್ಕಟ್ಟು. ನಮ್ಮ ಏಪ್ರಿಲ್ ಬಿಸಿಲಲ್ಲಿ ಅದರ ಗೊರಕೆ "ಕ್ಯೂಟ್" ಅಲ್ಲ, ಒದ್ದಾಟ. ಚಪ್ಪಟೆ ಮೂತಿಗೆ ದುಡ್ಡು ಕೊಡೋರು ಇರೋವರೆಗೂ ಚಪ್ಪಟೆ ಮೂತೀನೇ ಹುಟ್ಟುತ್ತೆ. ಡಿಮ್ಯಾಂಡು, ಸಪ್ಲೈ!

"ಬೀದಿ ಮರಿ ಸಾಕ್ಕೊಳ್ಳಿ" ಅಂತೀರಾ? ಖಂಡಿತ ಸಾಕ್ಕೊಳ್ಳಿ. ಆದ್ರೆ ತಳಿ ಉಳಿಸೋದೂ ಒಂದು ಕೆಲಸ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ನಮ್ಮ ಮುಧೋಳ ನಾಯಿಗೆ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರಾನೇ ಐತೆ. ಮಳವಳ್ಳಿ ತಾಲೂಕಿನ ಬಂಡೂರು ಕುರಿಗೆ ಹೆಸರು ಬಂದಿದ್ದೂ ಬಿತ್ತನೆ ಟಗರು ಆರಿಸೋ ಕಣ್ಣಿಂದ. ಆರಿಸೋದು ನಮಗೆ ಹೊಸದಲ್ಲ. ಈಗ ಕಣ್ಣಿಗೆ ಕಾಣದ್ದನ್ನೂ ನೋಡಿ ಆರಿಸಬಹುದು, ಅಷ್ಟೆ ವ್ಯತ್ಯಾಸ.

(6/6)
"ಟೆಸ್ಟ್‌ಗೆ ದುಡ್ಡು ಯಾರ್ ಕೊಡ್ತಾರೆ?" ಬಿಕಾಂನೋರು ಕೇಳೋ ಪ್ರಶ್ನೇನಾ ಇದು? ಅಪ್ಪ ಅವ್ವನಿಗೆ ಜೀವಮಾನಕ್ಕೆ ಒಂದೇ ಸಲ ಟೆಸ್ಟ್. ಫಿಕ್ಸೆಡ್ ಕಾಸ್ಟ್. ಹುಟ್ಟೋ ಎಲ್ಲಾ ಮರಿಗಳ ಮೇಲೂ ಹಂಚಿ ನೋಡಿ. ಮಾಡಿಸದೇ ಇದ್ರೆ ಆ ಖರ್ಚು ನಿಮ್ಮ ತಲೆಗೆ, ನೋವು ನಾಯಿಗೆ.

ಕಾನೂನೂ ಐತೆ. 2017ರ ಕೇಂದ್ರ ನಿಯಮದ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳೀಲಿ ನೋಂದಣಿ ಮಾಡಿಸಿರಬೇಕು. 8 ವಾರ ತುಂಬದ ಮರಿ ಮಾರಂಗಿಲ್ಲ. ಹೆಣ್ಣು ನಾಯಿಗೆ ವರ್ಷಕ್ಕೆ ಒಂದೇ ಸೂಲು.

ಅಡ್ವಾನ್ಸ್ ಕೊಡೋ ಮುಂಚೆ ನಾಲ್ಕು ಮಾತು ಕೇಳಿ:
👉 ನೋಂದಣಿ ನಂಬರ್ ಎಷ್ಟು?
👉 ಅವ್ವ ಎಲ್ಲಿ, ತೋರಿಸಿ.
👉 ಅಪ್ಪ ಅವ್ವನ ಡಿಎನ್‌ಎ ರಿಪೋರ್ಟ್, ಎಕ್ಸ್‌ರೇ ಎಲ್ಲಿ?
👉 ಜೋಡಿ ರಕ್ತಸಂಬಂಧಾನಾ?

ಉತ್ತರ ಇಲ್ವಾ? ವಾಪಸ್ ಬನ್ನಿ. ನೀವೊಬ್ಬರು ವಾಪಸ್ ಬಂದ್ರೆ ಅವನಿಗೆ ಏನೂ ಆಗಲ್ಲ. ಇಡೀ ಕ್ಲಾಸು ವಾಪಸ್ ಬಂದ್ರೆ ಟೆಸ್ಟ್ ಮಾಡಿಸ್ತಾನೆ. ಮರಿ ಕೊಳ್ಳೋ ಫ್ರೆಂಡ್‌ನ ಕೆಳಗೆ ಟ್ಯಾಗ್ ಮಾಡಿ.

#ಮಂಡ್ಯ #ಮದ್ದೂರು #ಮಳವಳ್ಳಿ #ಪೇಪರ್_ಅಲ್ಲ_ಆರೋಗ್ಯ