ಜಾಡಿಯ ಬಿರಡೆ ಬಿಗಿಯಬೇಡಿ, ಆವಿಗೆ ದಾರಿ ಬಿಡಿ



ಆಕಳು ಬೆದೆಗೆ ಬಂದಿದೆ ಎಂದು ನೀವು ಫೋನ್ ಮಾಡಿದರೆ, ಕೃತಕ ಗರ್ಭಧಾರಣೆ ಕಾರ್ಯಕರ್ತರು ಬೈಕಿನ ಮೇಲೆ ಅಲ್ಯುಮಿನಿಯಂ ಜಾಡಿ ತರುತ್ತಾರೆ. ಅದರಲ್ಲಿರುವುದು ದ್ರವ ಸಾರಜನಕ. ಅದರ ತಂಪು ಮೈನಸ್ 196 ಡಿಗ್ರಿ ಸೆಲ್ಸಿಯಸ್. ವೀರ್ಯದ ಕಡ್ಡಿಗಳು ಕೆಡದೆ ಉಳಿಯುವುದು ಆ ತಂಪಿನಿಂದಲೇ.

ಈ ದ್ರವ ಹಗಲು ರಾತ್ರಿ ಆವಿಯಾಗುತ್ತಲೇ ಇರುತ್ತದೆ. ಒಂದು ಲೀಟರ್ ದ್ರವದಿಂದ ಸುಮಾರು 700 ಲೀಟರ್ ಅನಿಲ ಹುಟ್ಟುತ್ತದೆ. ಹೊರಗೆ ಹೋಗಲು ದಾರಿ ಸಿಗದಿದ್ದರೆ ಅದು ಜಾಡಿಯನ್ನೇ ಸಿಡಿಸೀತು. ಅದಕ್ಕೇ ಜಾಡಿಯ ಬಿರಡೆ ಸಡಿಲವಾಗಿರುತ್ತದೆ. ಆ ಸಡಿಲಿಕೆಯೇ ಅದರ ಸೇಫ್ಟಿ ವಾಲ್ವ್.

ನಿಮ್ಮ ಕುಕ್ಕರ್ ನೆನಪಿಸಿಕೊಳ್ಳಿ. ಒತ್ತಡ ಹೆಚ್ಚಾದರೆ ಸೀಟಿ ಎದ್ದು ಹಬೆ ಬಿಡುತ್ತದೆ. ಸೀಟಿ ಕಟ್ಟಿಕೊಂಡರೆ ಮುಚ್ಚಳದಲ್ಲಿರುವ ಸಣ್ಣ ವಾಲ್ವ್ ಬಿಟ್ಟುಕೊಟ್ಟು ಮನೆ ಕಾಯುತ್ತದೆ. ಸಾರಜನಕ ತುಂಬಿಡುವ ದೊಡ್ಡ ಟ್ಯಾಂಕುಗಳಲ್ಲೂ ಇದೇ ಕೆಲಸಕ್ಕೆ ಸ್ಪ್ರಿಂಗ್ ವಾಲ್ವ್ ಇರುತ್ತದೆ. ಒತ್ತಡ ಮಿತಿ ಮೀರಿದರೆ ತಾನೇ ತೆರೆದು, ಇಳಿದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಧೂಳು, ತುಕ್ಕು, ಮಂಜುಗಡ್ಡೆ ಕೂತರೆ ಅದು ಏಳುವುದಿಲ್ಲ. ಆದ್ದರಿಂದ ಸಾವಿರ ಲೀಟರಿಗಿಂತ ದೊಡ್ಡ ಟ್ಯಾಂಕುಗಳ ವಾಲ್ವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರದ ನಿಯಮವಿದೆ.

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಬಿಸಿಲು ನಿಮಗೆ ಗೊತ್ತೇ ಇದೆ. "ಸಾರಜನಕ ಸುಮ್ಮನೆ ಹಾರಿಹೋಗುತ್ತದೆ, ಬಟ್ಟೆ ತುರುಕಿ ಬಿಗಿಯಾಗಿ ಮುಚ್ಚಿದರೆ ಉಳಿದೀತು" ಎಂದು ಯಾರಿಗಾದರೂ ಅನಿಸಬಹುದು. ಆ ಚಿಂತೆ ಸುಳ್ಳಲ್ಲ. ಸಾರಜನಕ ತಳ ಮುಟ್ಟಿದರೆ ಕಡ್ಡಿ ಕೆಡುತ್ತದೆ, ಆಕಳು ಗಬ್ಬ ನಿಲ್ಲುವುದಿಲ್ಲ, ನೀವು ಮತ್ತೆ 21 ದಿನ ಕಾಯಬೇಕು. ಆದರೆ ಅದಕ್ಕೆ ಮದ್ದು ಬಿರಡೆ ಬಿಗಿಯುವುದಲ್ಲ. ಕೋಲು ಇಳಿಸಿ ಮಟ್ಟ ಅಳೆಯುವುದು, ಹೊತ್ತಿಗೆ ಸರಿಯಾಗಿ ತುಂಬಿಸುವುದು. ಹಾರಿಹೋಗುವ ಆವಿ ನಷ್ಟವಲ್ಲ, ಜೀವ ಉಳಿಸಲು ತೆರುವ ಬೆಲೆ.

ಹೊರಗೆ ಬಂದ ಅನಿಲವೂ ಎಚ್ಚರ ಬೇಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಉಸಿರಾಡುವ ಗಾಳಿಯನ್ನೇ ಹೊರದೂಡುತ್ತದೆ, ಮನುಷ್ಯ ಸುಳಿವಿಲ್ಲದೆ ಕುಸಿಯುತ್ತಾನೆ. ದ್ರವ ಮೈಗೆ ತಾಗಿದರೆ ಬೆಂಕಿಯಂತೆ ಸುಡುತ್ತದೆ. ಹೊಗೆ ನೋಡಲು ಮಕ್ಕಳು ಹತ್ತಿರ ಬಂದರೆ ದೂರ ಕರೆಯಿರಿ.

ಇದು ಕಾರ್ಯಕರ್ತರ ಕೆಲಸ, ನಮಗೇಕೆ ಎನ್ನಬೇಡಿ. ಸಂಘ ನಿಮ್ಮದು, ಜಾಡಿ ಹೊತ್ತು ಬರುವವರೂ ಯಾರದೋ ಮನೆಯ ಮಕ್ಕಳು. ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ಜಾಡಿ ಇಡುವ ಕೋಣೆಗೆ ಗಾಳಿ ಆಡುತ್ತದೆಯೇ? ಸಾರಜನಕ ತುಂಬಿಸುವ ದಿನ ತಪ್ಪುತ್ತಿಲ್ಲವೇ? ನಮಗೆ ಸಾರಜನಕ ಬರುವ ಟ್ಯಾಂಕಿನ ವಾಲ್ವ್ ಕೊನೆಯ ಬಾರಿ ಪರೀಕ್ಷೆಯಾದದ್ದು ಯಾವಾಗ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತು ಮರೆತುಹೋಗುತ್ತದೆ, ಬರೆದದ್ದು ಉಳಿಯುತ್ತದೆ.