ಘಟ್ಟ ಏರ್ತದೇನು ಅಂತ ಕೇಳೋದು ಬಿಡ್ರಿ, ಊರಿಗೆ ವೋಲ್ಟೇಜ್ ಕೇಳ್ರಿ

ಥಂಡಿ ಶುರುವಾತು ಅಂದ್ರ ಸಾಕು, ಅದೇ ವಿಡಿಯೋ ಮತ್ತ ಮೊಬೈಲಿನಿಂದ ಮೊಬೈಲಿಗೆ ಓಡಾಡ್ತದ. ಹಿಮದಾಗ ಸಾಲಾಗಿ ನಿಂತ ಕರೆಂಟ್ ಕಾರುಗಳು, ಚಾರ್ಜ್ ಆಗವಲ್ಲವು, ಮಂದಿ ಕೈ ಉಜ್ಜಿಕೋತ ನಿಂತಾರ. ಕೆಳಗ ಒಂದು ಸಾಲು: ಚಳಿಗೇ ಹಿಂಗಾದ್ರ ಘಟ್ಟದಾಗ ಗತಿ ಏನು? ಈ ಸಲ ನನಗ ನಾಲ್ಕು ಮಂದಿ ಕಳಿಸ್ಯಾರ. ನಾಲ್ವರೂ ಖಾನಾಪುರ ತಾಲೂಕಿನವರೇ. ನಾನು ಎರಡು ವರ್ಷದಿಂದ ಕರೆಂಟ್ ಕಾರಿನಾಗ ಚೋರ್ಲಾ ಘಟ್ಟ ಏರಿಳಿತೀನಿ ಅನ್ನೋದು ನಾಲ್ವರಿಗೂ ಗೊತ್ತದ. ಆದರೂ ಕಳಿಸ್ತಾರ. ಅದಕ್ಕ ಇವತ್ತು ಉದ್ದ ಬರೀತೀನಿ, ಸ್ವಲ್ಪ ಸಿಟ್ಟಿನಿಂದಲೇ ಬರೀತೀನಿ, ಹೊಟ್ಟ್ಯಾಗ ಹಾಕ್ಕೋರಿ.

ಆ ವಿಡಿಯೋದಾಗ ಇರೋದು ಅಮೆರಿಕದ ಷಿಕಾಗೋ, 2024ರ ಜನವರಿ. ಅಲ್ಲಿ ಆಗ ಸೊನ್ನೆಗಿಂತ 20 ಡಿಗ್ರಿ ಕೆಳಗ ಇಳಿದಿತ್ತು. ನಮ್ಮ ಬೆಳಗಾವಿಯಾಗ ಡಿಸೆಂಬರ್-ಜನವರಿ ಮುಂಜಾನಿ ಎಷ್ಟಿರ್ತದ? 13-14 ಡಿಗ್ರಿ. ಭಾಳ ಥಂಡಿ ಬಿತ್ತು ಅಂದ್ರ ಹತ್ತರ ಆಸುಪಾಸು. ಲಿಥಿಯಂ ಬ್ಯಾಟರಿಗೆ ನಿಜವಾದ ಕಷ್ಟ ಶುರುವಾಗೋದು ಸೊನ್ನೆಯ ಕೆಳಗೆ. ಆಗ ಜೋರಾಗಿ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಪದರಾಗಿ ಕೂರ್ತದ, ಬ್ಯಾಟರಿ ಕೆಡ್ತದ. ಅದಕ್ಕ ಗಾಡಿಯ ಕಂಪ್ಯೂಟರ್ ತಾನೇ ಚಾರ್ಜ್ ನಿಧಾನ ಮಾಡ್ತದ. ಇನ್ನೊಂದು, ಎಂಜಿನ್ ಗಾಡಿಗೆ ಹೀಟರಿನ ಬಿಸಿ ಪುಕ್ಕಟ ಸಿಗ್ತದ, ಕರೆಂಟ್ ಗಾಡಿ ಅದಕ್ಕೂ ಬ್ಯಾಟರಿ ಖರ್ಚು ಮಾಡಬೇಕು. ನಮ್ಮ ಕಡೆ ಹೀಟರ್ ಹಾಕೋರು ಯಾರ್ರೀ? ಕಣಕುಂಬಿ ಕಡೆ ಮಂಜು ಬಿದ್ದಾಗ ಗಾಜು ಒರೆಸಲಿಕ್ಕೆ ಐದು ನಿಮಿಷ ಗಾಳಿ ಬಿಟ್ಟರೆ ಮುಗೀತು. ನಾರ್ವೆಯಂಥ ಹಿಮದ ನಾಡಿನಾಗ 2024ರಾಗ ಮಾರಾಟವಾದ ಹೊಸ ಕಾರುಗಳ ಪೈಕಿ ನೂರಕ್ಕ 89 ಕರೆಂಟಿನವು. ಅವರು ಅಲ್ಲಿ ಓಡಿಸ್ತಾರ, ನಾವು ಇಲ್ಲಿ ಸ್ವೆಟರ್ ಹಾಕ್ಕೊಂಡು ವಿಡಿಯೋ ಕಳಿಸ್ತೀವಿ. ವಿಡಿಯೋ ಕಳಿಸಿದ ನಾಲ್ವರೊಳಗ ಇಬ್ಬರು ಮೊನ್ನೆ ಮುಂಜಾನಿ ಟ್ರ್ಯಾಕ್ಟರ್ ಸ್ಟಾರ್ಟ್ ಆಗದೆ ಆಳು ಕರೆಸಿ ದಬ್ಬಿಸಿದವರು ಅನ್ನೋದೂ ನನ್ನ ಲೆಕ್ಕದಾಗ ಅದ.

ಅಂಜಿಕೆಗೆ ಕಾರಣ ಇಲ್ಲಂತಲ್ಲ. ನಮ್ಮ ರಾಜ್ಯದಾಗೇ, ಬೆಂಗಳೂರಿನಾಗ, 2001ರಾಗ ರೇವಾ ಕಾರು ಬಂತು. ಆಗ ಅದರಾಗ ಇದ್ದದ್ದು ಸೀಸದ ಬ್ಯಾಟರಿ, ಟ್ರ್ಯಾಕ್ಟರಿನಾಗ ಇರೋ ಜಾತಿದು. ಆಮ್ಯಾಲ ಬಂದ ಅಗ್ಗದ ಸ್ಕೂಟರುಗಳೂ ಅವೇ. ಏರಿ ಬಂದ್ರ ಉಸಿರು ಬಿಡ್ತಿದ್ದವು. ಅದನ್ನ ನೋಡಿದ ಮಂದಿ ಇವತ್ತಿಗೂ ಅದೇ ಕಣ್ಣಿನಿಂದ ನೋಡ್ತಾರ.

ನನ್ನ ಡೈರಿಯಾಗಿಂದು ಹೇಳ್ತೀನಿ. ಗಾಡಿ ಸೆಕೆಂಡ್ ಹ್ಯಾಂಡ್, 30 ಯೂನಿಟ್ಟಿನ ಬ್ಯಾಟರಿ. ಹೆಸರು ಬ್ಯಾಡ, ಜಾಹೀರಾತು ಆಗ್ತದ. ಡಿಸೆಂಬರ್ ಮುಂಜಾನಿ, ಹೊರಗ 13 ಡಿಗ್ರಿ, ಜಾಂಬೋಟಿ ದಾಟಿದಾಗ ಮೀಟರಿನಾಗ ನೂರಕ್ಕ 90. ಕಾಡಿನ ಏರಿಳಿತದ ರಸ್ತೆ ಮುಗಿಸಿ ಚೋರ್ಲಾ ತುದಿಗೆ ಬಂದಾಗ 78. ಘಟ್ಟ ಇಳಿದ ಮ್ಯಾಲ 82. ಹೌದ್ರಿ, ಇಳಿಯೋ ಮುಂದ ಏರಿತು. ಇಳಿಜಾರಿನಾಗ ಮೋಟರೇ ಡೈನಮೋ ಆಗಿ ಬ್ಯಾಟರಿ ತುಂಬ್ತದ, ಅದಕ್ಕ ರೀಜನ್ ಅಂತಾರ. ಸಾಂಖಳಿ ಮುಟ್ಟಿದಾಗ 79. ವಾಪಸ್ ಬರೋ ಮುಂದ ಘಟ್ಟ ಒಂದೇ 16 ತಿಂತು. ಜಾಂಬೋಟಿಗೆ ಬಂದಾಗ 47. ಹೋಗಿ ಬಂದದ್ದು ಸುಮಾರು ನೂರು ಕಿಲೋಮೀಟರ್, ಖರ್ಚು 13 ಯೂನಿಟ್, ಚಾರ್ಜರಿನಾಗ ಹಾಳಾಗೋದು ಸೇರಿಸಿ 15 ಹಿಡೀರಿ. ಯೂನಿಟ್ಟಿಗೆ ಏಳು ರೂಪಾಯಿ ಅಂದ್ರೂ 105 ರೂಪಾಯಿ. ಪೆಟ್ರೋಲ್ ಗಾಡಿಯಾಗ ಇದೇ ದಾರಿಗೆ ಆರೇಳು ಲೀಟರ್ ಬೇಕು, ಲೀಟರಿಗೆ ನೂರರ ಮ್ಯಾಲ.

ಘಟ್ಟ ಅಂದ್ರ ಎಷ್ಟು ದೊಡ್ಡ ಕೆಲಸ ಅಂತ ನಾವು ಒಕ್ಕಲಿಗರ ಲೆಕ್ಕದಾಗ ನೋಡೋಣು. ತುದಿ ಸಮುದ್ರಮಟ್ಟದಿಂದ ಸುಮಾರು 800 ಮೀಟರ್, ಬುಡದಿಂದ ಏರೋದು 700 ಅಂತ ಹಿಡೀರಿ. ಮಂದಿ ಕೂತ ಕಾರಿನ ತೂಕ 1.6 ಟನ್. ಅಷ್ಟು ತೂಕ ಅಷ್ಟು ಎತ್ತರಕ್ಕ ಎತ್ತಲಿಕ್ಕೆ ಬೇಕಾದದ್ದು 3 ಯೂನಿಟ್, ಹಾಳಾಗೋದು ಸೇರಿ ಮೂರೂವರೆ. ರಸ್ತೆ ಮ್ಯಾಲ ಉರುಳೋ ಖರ್ಚು ಬೇರೆ, ಅದು ಬಯಲಿನಾಗೂ ಇದ್ದದ್ದೇ. ನಿಮ್ಮ 5 ಎಚ್‌ಪಿ ಮೋಟರ್ ಒಂದು ತಾಸಿಗೆ ಹತ್ತಿರ ಹತ್ತಿರ 4 ಯೂನಿಟ್ ತಿಂತದ. ಒಂದು ಮಡಿ ಕಬ್ಬಿಗೆ ನೀರು ಹಾಯಿಸೋ ಕರೆಂಟಿನಾಗ ಸಹ್ಯಾದ್ರಿ ಹತ್ತಿ ಬರಬಹುದು. ಇದನ್ನ ಹೇಳಿದ್ರ ನಗ್ತಾರ, ಆದ್ರ ಗುಣಾಕಾರ ನಗೋದಿಲ್ಲ.

ಈಗ ನಮ್ಮ ಹೊಟ್ಟೆಪಾಡಿನ ಮಾತು. ಬೆಳಗಾವಿ, ಖಾನಾಪುರದ ಕಾಯಿಪಲ್ಲೆ ದಿನಾ ಗೋವಾಕ್ಕ ಇಳೀತದ. ಗಾಡಿ ತುಂಬಿ ಇಳೀತದ, ಖಾಲಿ ಏರ್ತದ. ಇದಕ್ಕಿಂತ ಕರೆಂಟ್ ಗಾಡಿಗೆ ಹೇಳಿ ಮಾಡಿಸಿದ ದಾರಿ ಯಾವುದದ? ಒಂದು ಟನ್ ಟೊಮೆಟೊ 700 ಮೀಟರ್ ಇಳಿಸಿದ್ರ ಆ ತೂಕದಾಗ 1.9 ಯೂನಿಟ್ ಶಕ್ತಿ ಅದ. ಡೀಸೆಲ್ ಗಾಡಿಯಾಗ ಅದು ಬ್ರೇಕ್ ಲೈನರ್ ಸುಟ್ಟು ವಾಸನೆಯಾಗಿ ಹೋಗ್ತದ. ಕರೆಂಟ್ ಗಾಡಿಯಾಗ ಅರ್ಧದಷ್ಟಾದರೂ ತಿರುಗಿ ಬ್ಯಾಟರಿಗೆ ಬರ್ತದ. ಟಾಟಾ ಏಸ್ ಇವಿ 2022ರಾಗ ಬಂತು, 600 ಕಿಲೋ ಹೇರ್ತದ. 2024ರಾಗ ಒಂದು ಟನ್ನಿಂದು ಬಂತು. ಬ್ಯಾಟರಿ ಎರಡರಾಗೂ 21.3 ಯೂನಿಟ್. ಒಂದು ಟನ್ನಿನ ಗಾಡಿಗೆ ಕಂಪನಿ 161 ಕಿಲೋಮೀಟರ್ ಅಂತ ಬರೀತದ. ಆ ಅಂಕಿ ಪರೀಕ್ಷೆಯ ಅಂಕಿ, ಕಣ್ಣು ಮುಚ್ಚಿ ನಂಬಬ್ಯಾಡ್ರಿ, ಘಟ್ಟದ ದಾರಿಗೆ ನೂರು ಹಿಡೀರಿ. ಅಂದ್ರ ಜಾಂಬೋಟಿಯಿಂದ ಸಾಂಖಳಿಗೆ ಹೋಗಿ ಬರೋದೇ ಅಂಚಿನ ಮಾತು. ಬೆಳಗಾವಿಯಿಂದ ಪಣಜಿಗೆ ಹೋಗಿ ಬರಬೇಕು ಅಂದ್ರ ನಡುವೆ ಎಲ್ಲ್ಯರೆ ಚಾರ್ಜ್ ಮಾಡಲೇಬೇಕು. ಇದನ್ನ ಶೋರೂಮಿನ ಹುಡುಗ ಹೇಳೋದಿಲ್ಲ, ನಾನು ಹೇಳ್ತೀನಿ.

ಕಣಕುಂಬಿ, ಚಿಗುಳೆ ಕಡೆ ಇರೋ ಅಣ್ಣಾರಿಗೆ ಒಂದು ಮಾತು. ನೀವು ಘಟ್ಟದ ನೆತ್ತಿ ಮ್ಯಾಲೇ ಇದ್ದೀರಿ. ರಾತ್ರಿ ಪೂರ್ತಿ ನೂರು ತುಂಬಿಸಿ ಮುಂಜಾನಿ ಸೀದಾ ಇಳಿಬ್ಯಾಡ್ರಿ. ತುಂಬಿದ ಕೊಡಕ್ಕ ನೀರು ಹಿಡಿಸೋದಿಲ್ಲ. ಬ್ಯಾಟರಿ ತುಂಬಿತ್ತು ಅಂದ್ರ ರೀಜನ್ ಕೆಲಸ ಮಾಡೋದಿಲ್ಲ, ಪೂರಾ ಭಾರ ಕಾಲಿನ ಬ್ರೇಕಿನ ಮ್ಯಾಲ ಬೀಳ್ತದ, ಡೀಸೆಲ್ ಗಾಡಿಯಂಗ ಎರಡನೇ ಗೇರಿಗೆ ಹಾಕಿ ಹಿಡಿಯಲಿಕ್ಕೂ ಗೇರಿಲ್ಲ. ಥಂಡಿ ಮುಂಜಾನಿ ರೀಜನ್ ಇನ್ನೂ ಸ್ವಲ್ಪ ಕಡಿಮೀನೇ. 85ಕ್ಕ ನಿಲ್ಲಿಸ್ರಿ, ಸಾಕು. ಇನ್ನ ಥಂಡಿಗೆ ಕೈಕೊಡೋದು ದೊಡ್ಡ ಬ್ಯಾಟರಿ ಅಲ್ಲ, ಬಾನೆಟ್ಟಿನ ಕೆಳಗಿನ 12 ವೋಲ್ಟಿನ ಸಣ್ಣ ಬ್ಯಾಟರಿ. ಅದು ಹಳೇದಾಗಿದ್ರ ದೀಪಾವಳಿ ಮುಗಿದ ಕೂಡಲೇ ಬದಲಿ ಮಾಡ್ರಿ. ಟೈರಿನ ಗಾಳಿನೂ ನೋಡ್ರಿ, ಥಂಡಿಗೆ ಇಳೀತದ.

ಹಂಗಾದ್ರ ಥಂಡಿದಿನದಾಗ ತೊಂದರೆನೇ ಇಲ್ಲೇನು? ಅದರೀ. ಅದು ಘಟ್ಟದಾಗಿಲ್ಲ, ನಮ್ಮ ತೋಟದ ಮನಿಯ ಗೋಡೆ ಮ್ಯಾಲ ಅದ. ನಮ್ಮ ತೋಟದ ಮನಿಗೆ ಕರೆಂಟು ಪಂಪ್‌ಸೆಟ್ಟಿನ ಟಿಸಿಯಿಂದಲೇ ಬರ್ತದ. ಮಳಿ ನಿಂತು ಹಿಂಗಾರಿ ಬೆಳಿಗೆ ನೀರು ಶುರುವಾತು ಅಂದ್ರ, ತ್ರೀ ಫೇಸ್ ಕೊಟ್ಟ ಗಳಿಗೆಯಾಗ ಎಲ್ಲಾ ಮೋಟರೂ ಒಮ್ಮೆಲೇ ಎಳೀತಾವ. ಮೀಟರ್ ಇಟ್ಟು ಬರಕೊಂಡೀನಿ: ರಾತ್ರಿ 11ಕ್ಕ 228 ವೋಲ್ಟ್, ಮುಂಜಾನಿ ಪಂಪು ಶುರುವಾದ ಮ್ಯಾಲ 174. ಚಾರ್ಜರ್ ಕೆಂಪು ದೀಪ ಹಚ್ಚಿ ಸುಮ್ಮನಾಗ್ತದ. ಅದರ ಜೋಡಿ ಅರ್ಥಿಂಗ್. ನಮ್ಮದು ಜಂಬಿಟ್ಟಿಗೆಯ ನೆಲ, ಥಂಡಿದಿನ ದಾಟೋದ್ರೊಳಗ ಒಣಗಿ ಕಲ್ಲಾಗ್ತದ. ಅರ್ಥಿಂಗ್ ಸರಿ ಇಲ್ಲಂದ್ರ ಚಾರ್ಜರ್ ಚಾಲೂನೇ ಆಗೋದಿಲ್ಲ. ಆಗಬಾರದು ಕೂಡ, ಅದು ನಿಮ್ಮ ಜೀವ ಕಾಯೋ ವ್ಯವಸ್ಥಾ. ಆಳವಾದ ಗುಂಡಿ, ಇದ್ದಿಲು, ಉಪ್ಪು ಹಾಕಿಸಿ ಪೈಪ್ ಇಳಿಸ್ರಿ, ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕ್ರಿ. ಅರ್ಥಿಂಗ್ ಇಲ್ಲದ ಚಾರ್ಜರಿಗೆ ತಂತಿ ತಿರುವಿ ಮೋಸ ಮಾಡಿಕೊಡೋ ಮೇಸ್ತ್ರಿಗಳು ಅದಾರ. ಅಂಥವರನ್ನ ಅಂಗಳಕ್ಕೂ ಬಿಡಬ್ಯಾಡ್ರಿ.

ಕೆಲವರು ಶಾಣ್ಯಾತನ ಮಾಡ್ತಾರ. 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟ ಅಲ್ಲ, ಅದಕ್ಕೇ ಗಾಡಿ ಹಚ್ಚಿದ್ರಾತು ಅಂತಾರ. ನಾನು ಇದನ್ನ ಕಳವು ಅಂತೀನಿ, ಬೈಕೋರಿ. ನೀರಿಗಂತ ಕೊಟ್ಟ ಕರೆಂಟ್ ನಾವೇ ಗಾಡಿಗೆ ಹಚ್ಚಿದ್ರ, ನಾಳೆ ಪಂಪ್‌ಸೆಟ್ಟಿಗೂ ಮೀಟರ್ ಕೂಡಿಸ್ತೀವಿ ಅಂತ ಬಂದಾಗ ಯಾವ ಬಾಯಿಲೆ ಬ್ಯಾಡ ಅನ್ನೋರು? ಮ್ಯಾಲಾಗಿ ಮಗ್ಗಲ ಹೊಲದವನ ಮೋಟರ್ ಸುಡ್ತದ.

ಮನಿ ಮೀಟರಿಗೆ ಹಚ್ಚಿದ್ರ ಗೃಹಜ್ಯೋತಿ ಲೆಕ್ಕ ಬೇರೆ ಅದ. 200 ಯೂನಿಟ್ ದಾಟಿತು ಅಂದ್ರ ಆ ತಿಂಗಳ ಪೂರಾ ಬಿಲ್ಲು ನಿಮ್ಮದು. ಮನಿಯ ಖರ್ಚು 70 ಇದ್ದು, ಗಾಡಿ ತಿಂಗಳಿಗೆ ಒಂಬತ್ತು ಸಲ ಗೋವಾಕ್ಕ ಹೋತು ಅಂದ್ರ ಗೆರೆ ದಾಟೇ ದಾಟ್ತೀರಿ. ತಿಂಗಳಿಗೆ ಎರಡು ಸಲ ಖಾನಾಪುರ ಸಂತಿಗೆ ಹೋಗೋ ಮನಿಯವರು ಇದರ ಗೊಡವಿಗೇ ಹೋಗಬ್ಯಾಡ್ರಿ, ಇದ್ದ ಗಾಡಿನೇ ಓಡಿಸ್ರಿ. ನನ್ನ ಮಾತು ದಿನಾ ಘಟ್ಟ ಇಳಿಯೋರಿಗೆ.

ಅವರಿಗೆ ಬೇಕಾದದ್ದು ಊರಾಗ ಒಂದು ಬ್ಯಾರೆ ಮೀಟರಿನ ಚಾರ್ಜರ್. ಇದಕ್ಕ ಲೈಸೆನ್ಸ್ ಬೇಕು, ದೊಡ್ಡ ಕಂಪನಿನೇ ಬರಬೇಕು ಅಂತ ಪಿಕೆಪಿಎಸ್ ಸೊಸೈಟಿಯ ಹಿರಿಯರು ಹೇಳ್ತಾರ. ಸುಳ್ಳು. ಚಾರ್ಜ್ ಮಾಡಿಕೊಡೋದು ಸೇವೆ, ಕರೆಂಟ್ ಮಾರೋದಲ್ಲ, ಲೈಸೆನ್ಸ್ ಬ್ಯಾಡ ಅಂತ ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಾಗೇ ಸ್ಪಷ್ಟ ಮಾಡೇದ. ಅದೇ ವರ್ಷ ಡಿಸೆಂಬರಿನ ಮಾರ್ಗಸೂಚಿಯಾಗ ಹೆದ್ದಾರಿಗಳ ಎರಡೂ ಮಗ್ಗಲಿಗೆ ಪ್ರತಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಸ್ಟೇಷನ್ ಇರಬೇಕು ಅಂತ ಅದ. ನಮ್ಮ ರಾಜ್ಯ 2017ರಾಗೇ ಇವಿ ನೀತಿ ಮಾಡಿತು, ದೇಶದಾಗ ಮೊದಲು. ಕಾಗದದಾಗ ನಾವು ಎಲ್ಲಾರಕಿಂತ ಮುಂದ ಇದ್ದೀವಿ. ಜಾಂಬೋಟಿ ದಾಟಿದ ಮ್ಯಾಲ ಮಾತ್ರ ನಾನು ಇವತ್ತಿಗೂ ಮನಿಯ ಚಾರ್ಜ್ ನಂಬಿಕೊಂಡೇ ಹೋಗ್ತೀನಿ.

ಸೊಸೈಟಿಗೆ ಗೋದಾಮದ, ಅಂಗಳದ, ರಸ್ತೆ ಮಗ್ಗಲ ಜಾಗದ. ರಸಗೊಬ್ಬರ ಬಂದಾಗ ಬಿಟ್ಟರೆ ಉಳಿದ ದಿನ ಆ ಅಂಗಳದಾಗ ನಾಯಿ ಮಲಗ್ತಾವ. ಅಲ್ಲಿ 7 ಕಿಲೋವ್ಯಾಟಿನ ಎರಡು ಸಾದಾ ಚಾರ್ಜರ್ ಕೂಡಿಸಿದ್ರ ರಾತ್ರಿ ಹಚ್ಚಿದ ಗೂಡ್ಸ್ ಗಾಡಿ ಮುಂಜಾನಿಯೊಳಗ ತುಂಬ್ತದ. ಊರೆಲ್ಲಾ ಮಲಗಿದಾಗ ವೋಲ್ಟೇಜೂ ಇರ್ತದ. ಅದಕ್ಕ ಬೇಕಾದದ್ದು ಒಂದು ಸ್ವಂತ ಟಿಸಿ, ಒಂದು ಮೀಟರ್, ಒಂದು ಠರಾವು.

ಠರಾವಿನ ಕರಡು ನಾನು ಬರೆದಿಟ್ಟೀನಿ, ಎರಡು ಪುಟ. ಕಳೆದ ಎರಡು ತಿಂಗಳ ವೋಲ್ಟೇಜ್ ದಿನಾಂಕದ ಸಮೇತ ಅದರ ಜೋಡಿ ಲಗತ್ತಿಸೀನಿ. ನಿಮ್ಮ ಊರಿಂದೂ ಹಂಗೇ ಒಂದು ವಾರ ಮುಂಜಾನಿ ಏಳಕ್ಕ, ರಾತ್ರಿ ಹನ್ನೊಂದಕ್ಕ ಬರಕೊಂಡು ಕಳಿಸ್ರಿ. ಟಿಸಿ ನಂಬರ್ ಮರೀಬ್ಯಾಡ್ರಿ, ಅದಿಲ್ಲಂದ್ರ ಅರ್ಜಿ ಟೇಬಲ್ಲಿನಿಂದ ಮ್ಯಾಲೇಳೋದಿಲ್ಲ. ಷಿಕಾಗೋ ವಿಡಿಯೋ ಕಳಿಸಿದ ನಾಲ್ವರದೇ ಮೊದಲು ಬರಲಿ.