ಫಿಯೋರ್ಡ್ ಸರೋವರವೂ ಹಲಸೂರು ಕೆರೆಯೂ

ಫಿಯೋರ್ಡ್ ಸರೋವರದ ಅಡ್ಡಕೊಯ್ತದ ಚಿತ್ರವನ್ನು ಕಣ್ಣುಮುಚ್ಚಿ ಬರೆಯಬಲ್ಲ ಭೂಗೋಳದ ವಿದ್ಯಾರ್ಥಿಗಳು ನಮ್ಮಲ್ಲಿ ಅನೇಕರಿದ್ದಾರೆ. ಹಲಸೂರು ಕೆರೆಯ ಕೋಡಿಯ ನೀರು ಎತ್ತ ಹರಿಯುತ್ತದೆಂದು ಕೇಳಿದರೆ ಅವರೇ ಮುಖಮುಖ ನೋಡಿಕೊಳ್ಳುತ್ತಾರೆ, ನಾನೂ ಅವರಲ್ಲೊಬ್ಬನಾಗಿದ್ದೆ. ದೂರದ ಸರೋವರವನ್ನು ಓದಬಾರದೆಂಬುದು ನನ್ನ ವಾದವಲ್ಲ. ಅದನ್ನು ಸರಿಯಾಗಿ ಓದಿದ್ದರೆ ಹತ್ತಿರದ ಕೆರೆಯ ವಿಷಯದಲ್ಲಿ ನಾವು ಇಷ್ಟು ನಿಶ್ಚಿಂತರಾಗಿರುತ್ತಿರಲಿಲ್ಲ.

ನಾರ್ವೆಯ ಹೊರ್ನಿಂಡಾಲ್ ಸರೋವರದ ಆಳ 514 ಮೀಟರ್. ಯೂರೋಪಿನಲ್ಲೇ ಅತ್ಯಂತ ಆಳವಾದುದೆಂದು ಅದಕ್ಕೆ ಹೆಸರು. ಅದರ ನೀರಿನ ಮಟ್ಟವಾದರೋ ಕಡಲಿಗಿಂತ ಸುಮಾರು 53 ಮೀಟರ್ ಮಾತ್ರ ಎತ್ತರ. ಎಂದಮೇಲೆ ತಳವು ಕಡಲ ಮಟ್ಟಕ್ಕಿಂತ ಸುಮಾರು 460 ಮೀಟರ್ ಕೆಳಗಿದೆ! ನದಿಯು ಹೀಗೆ ಕೊರೆಯಲಾರದು. ಕಡಲ ಮಟ್ಟಕ್ಕೆ ಬಂದೊಡನೆ ಅದರ ಕಸುವು ತೀರುತ್ತದೆ. ಹಿಮನದಿಗೆ ಆ ಕಟ್ಟಳೆಯಿಲ್ಲ. ನೂರಾರು ಮೀಟರ್ ದಪ್ಪದ ಮಂಜುಗಡ್ಡೆ, ತನ್ನ ಅಡಿಯಲ್ಲಿ ಸಿಕ್ಕಿದ ಕಲ್ಲುಗಳಿಂದಲೇ ಬಂಡೆಯನ್ನು ಅರದಂತೆ ಉಜ್ಜುತ್ತ, ಇಕ್ಕಟ್ಟಿನ ಕಣಿವೆಯ ತಳವನ್ನು ತೋಡುತ್ತದೆ. ಕಣಿವೆ ಅಗಲವಾದೆಡೆ ಹರಡಿ ತೆಳುವಾಗಿ, ಹೊತ್ತುತಂದ ಕಲ್ಲುಮಣ್ಣನ್ನು ಸುರಿದುಬಿಡುತ್ತದೆ. ಹಿಮ ಕರಗಿದ ಮೇಲೆ ಉಳಿಯುವುದು ಹಿಂದೊಂದು ಹೊಂಡ, ಮುಂದೊಂದು ಹೊಸ್ತಿಲು.

ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತ ನಮ್ಮ ಬೆಂಗಳೂರಿಗೆ ಹಿಮನದಿ ಹಾಗಿರಲಿ, ಹೇಳಿಕೊಳ್ಳುವಂಥ ನದಿಯೂ ಇಲ್ಲ. ಹೊಂಡ ತೋಡುವ ಹಿಮವಿಲ್ಲದೆಡೆ ಹಿರಿಯರು ಹೊಸ್ತಿಲನ್ನಷ್ಟೇ ಕಟ್ಟಿದರು: ತಗ್ಗಿಗೆ ಅಡ್ಡಲಾಗಿ ಒಂದು ಏರಿ. ಆದ್ದರಿಂದ ನಮ್ಮ ಕೆರೆಗಳಿಗೆ ಹರವುಂಟು, ಆಳವಿಲ್ಲ. ಗೇಣುದ್ದ ಹೂಳು ಹೊರ್ನಿಂಡಾಲಿಗೆ ಲೆಕ್ಕಕ್ಕೇ ಇಲ್ಲ. ಹಲಸೂರಿಗೆ ಅದು ದೊಡ್ಡ ನಷ್ಟ. ಆ ಸರೋವರ ನೂರು ವರ್ಷದ ಮರೆವನ್ನು ತಾಳೀತು, ಈ ಕೆರೆ ತಾಳದು.

ಆಳವಿಲ್ಲದ್ದನ್ನು ಮುಚ್ಚುವುದೂ ಸುಲಭ. ಸಂಪಂಗಿ ಕೆರೆಯ ಜಾಗದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಅಲ್ಲಿ ಆಟ ನೋಡಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೇನೆನ್ನಿ. ಹಲಸೂರು ಕೆರೆ ಉಳಿದಿದೆಯಾದರೂ 2016ರ ಮಾರ್ಚಿಯಲ್ಲಿ ಅಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಅದರ ಕೋಡಿಯ ನೀರು ಸೇರುವ ಬೆಳ್ಳಂದೂರು ಕೆರೆಯಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿಯೇ ಎದ್ದಿತು.

ನಮ್ಮ ಭೂಗೋಳ ವಿಭಾಗದವರಲ್ಲಿ ನನ್ನದೊಂದು ಬಿನ್ನಹ. ಪ್ರತಿವರ್ಷ ಮಳೆಗಾಲ ಕಳೆದೊಡನೆ, ಅನುಮತಿ ಪಡೆದು, ದೋಣಿಯಲ್ಲಿ ಹೋಗಿ, ಹಗ್ಗಕ್ಕೆ ಕಲ್ಲು ಕಟ್ಟಿ ಇಪ್ಪತ್ತು ಕಡೆ ಹಲಸೂರು ಕೆರೆಯ ಆಳವನ್ನು ಅಳೆಯೋಣ. ಆ ನಕ್ಷೆಯನ್ನು ಇದೇ ಸಂಚಿಕೆಯಲ್ಲಿ ಅಚ್ಚು ಹಾಕಿಸೋಣ. ಹೂಳು ಎಷ್ಟು ಏರಿತೆಂಬುದು ಐದಾರು ವರ್ಷಗಳಲ್ಲಿ ತಾನೇ ಕಾಣುತ್ತದೆ. ಅಧ್ಯಾಪಕರು ಒಪ್ಪಿದರೆ ಹಗ್ಗ ಹಿಡಿಯಲು ನಾನು ಸಿದ್ಧ.